ದೂರದರ್ಶಕಕ್ಕೆ ಬೇಕಾದ ಬಿಡಿ ತಂತ್ರಾಂಶಗಳು

ಮೂವತ್ತು ಮೀಟರ್ ದೂರದರ್ಶಕದ (ಟಿಎಂಟಿ) ಪ್ರಧಾನ ಕನ್ನಡಿ ಒಂದೇ ಗಾಜಿನದಲ್ಲ. ಆರು ಮೂಲೆಗಳ 492 ತುಣುಕುಗಳನ್ನು ಒತ್ತೊತ್ತಾಗಿ ಜೋಡಿಸಿ ಅದನ್ನು ಕಟ್ಟಬೇಕು. ಒಂದೊಂದು ತುಣುಕನ್ನೂ ಅತಿ ಸೂಕ್ಷ್ಮವಾಗಿ ಸರಿಸಲು ಮೂರು ಆಕ್ಚುಯೇಟರುಗಳಂತೆ ಒಟ್ಟು 1,476 ಬೇಕು. ಇವುಗಳ ಜೊತೆ ಗುಮ್ಮಟ, ಕ್ಯಾಮೆರಾ, ರೋಹಿತಮಾಪಕಗಳೂ ಹೊಂದಿಕೊಂಡು ನಡೆಯಬೇಕು. ಬೇರೆ ಬೇರೆ ದೇಶಗಳ ತಂಡಗಳು ತಮಗೆ ತೋಚಿದಂತೆ ನಿಯಂತ್ರಣ ತಂತ್ರಾಂಶ ಬರೆದರೆ, ಜೋಡಿಸುವ ಹೊತ್ತಿಗೆ ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ.

ಅದಕ್ಕೆಂದೇ ರೂಪುಗೊಂಡಿದ್ದು ಟಿಎಂಟಿಯ 'ಕಾಮನ್ ಸಾಫ್ಟ್‌ವೇರ್'. ಈ ಯೋಜನೆಯಲ್ಲಿ ಭಾರತ ಹೊತ್ತ ಹೊಣೆಗಳಲ್ಲಿ ತಂತ್ರಾಂಶವೂ ಒಂದು. ಭಾರತದ ಪಾಲಿನ ಕೆಲಸಗಳ ಸಮನ್ವಯ ಕೇಂದ್ರವಿರುವುದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಲ್ಲಿ.

ಈ ತಂತ್ರಾಂಶದ ಜಾಣ್ಮೆ ಇರುವುದು ಕೆಲಸ ಹಂಚಿದ ರೀತಿಯಲ್ಲಿ. ಬಣ್ಣಶೋಧಕ ಗಾಜುಗಳ ಚಕ್ರವನ್ನೇ ನೋಡಿ. ಇಂದಿನ ವೀಕ್ಷಣೆಯಲ್ಲಿ ಯಾವುದರ ನಂತರ ಯಾವುದು ಎಂಬುದನ್ನು ಮೇಲಿನ ಹಂತದ 'ಸೀಕ್ವೆನ್ಸರ್' ತೀರ್ಮಾನಿಸುತ್ತದೆ. 'ಕೆಂಪು ಗಾಜು ಬೇಕು' ಎಂಬ ಆಜ್ಞೆ ಬಂದಾಗ, ಅದು ಚಕ್ರದ ಯಾವ ಮನೆಯಲ್ಲಿದೆ ಎಂಬುದು ನಡುವಿನ 'ಅಸೆಂಬ್ಲಿ'ಗೆ ಗೊತ್ತು. ಅಲ್ಲಿಗೆ ತಲುಪಲು ಮೋಟಾರನ್ನು ತಿರುಗಿಸುವ ಕೆಲಸ ಕೆಳಗಿನ 'ಹಾರ್ಡ್‌ವೇರ್ ಕಂಟ್ರೋಲ್ ಡೀಮನ್'ನದು. ಆಜ್ಞೆ ಸರಿಯಿದೆಯೇ ಎಂದು ಮೊದಲು ಪರೀಕ್ಷಿಸಿ, ಒಪ್ಪಿ ಅಥವಾ ನಿರಾಕರಿಸಿ, ಕೆಲಸ ಮುಗಿದ ಮೇಲೆ ವರದಿ ಕೊಡುವ ಶಿಸ್ತು ಎಲ್ಲ ಘಟಕಗಳಿಗೂ ಒಂದೇ. ಎಚ್ಚರಿಕೆ ಸಂದೇಶ, ದಾಖಲೆ, ಕಾಲಮಾನದಂಥ ಸೇವೆಗಳನ್ನು ಯಾರೂ ಮತ್ತೆ ಬರೆಯಬೇಕಿಲ್ಲ. ಅವು ಸಿದ್ಧವಾಗಿಯೇ ಸಿಗುತ್ತವೆ.

ಟಿಎಂಟಿಗೆ ಅಂದಾಜಿಸಿರುವ ಆಯುಷ್ಯ 50 ವರ್ಷ. ಯಾವ ಮೋಟಾರೂ ಕಂಪ್ಯೂಟರೂ ಅಷ್ಟು ಕಾಲ ಬಾಳುವುದಿಲ್ಲ. ಮೋಟಾರಿನ ನಿಯಂತ್ರಕ ಬದಲಾದರೆ ಕೆಳಹಂತದ ಆ ಒಂದು ಘಟಕವನ್ನಷ್ಟೇ ಹೊಸದಾಗಿ ಬರೆದರೆ ಸಾಕು, ಮೇಲಿನವು ಹಾಗೇ ಉಳಿಯುತ್ತವೆ. ನಿಜವಾದ ಯಂತ್ರದ ಜಾಗದಲ್ಲಿ ಅದರಂತೆಯೇ ಉತ್ತರಿಸುವ ತಂತ್ರಾಂಶವನ್ನಿಟ್ಟು, ಯಂತ್ರ ಬರುವ ಮೊದಲೇ ಪರೀಕ್ಷೆ ಮಾಡಲೂಬಹುದು. ದೂರದರ್ಶಕಕ್ಕೆಂದು ಆರಿಸಿದ ಹವಾಯಿಯ ಮೌನಾ ಕೇ ಬೆಟ್ಟವನ್ನು ಪವಿತ್ರವೆಂದು ಕಾಣುವ ಅಲ್ಲಿನ ಮೂಲನಿವಾಸಿಗಳ ವಿರೋಧದಿಂದ 2015ರಲ್ಲಿ ನಿರ್ಮಾಣ ನಿಂತರೂ ತಂತ್ರಾಂಶದ ಕೆಲಸ ಮುಂದುವರಿದದ್ದು ಹೀಗೆ.

ಈ ತಂತ್ರಾಂಶದ ಮೂಲಸಂಕೇತ ಮುಕ್ತವಾಗಿದೆ. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅದನ್ನು ತೆರೆದು ಓದಬಹುದು. ಲಡಾಖಿನ ಹಾನ್ಲೆಯಲ್ಲಿ ತುಣುಕು ಕನ್ನಡಿಗಳ ದೊಡ್ಡ ದೂರದರ್ಶಕ ಕಟ್ಟುವ ಆಲೋಚನೆ ಭಾರತಕ್ಕಿದೆ. ಅದಕ್ಕೆ ಗಾಜು ಉಜ್ಜುವ ಕೈಗಳಷ್ಟೇ, ಮುಂದಿನ ತಲೆಮಾರು ಬಿಚ್ಚಿ ಬದಲಿಸಬಲ್ಲಂಥ ತಂತ್ರಾಂಶ ಬರೆಯುವ ಕೈಗಳೂ ಬೇಕು. ಆ ವಿದ್ಯೆಯನ್ನು ಈಗಲೇ ಕಲಿಸಬೇಕು.