ಮನೆಗೆ ಹಾಕಿದ ದುಡ್ಡು ಬೆಲೆಯಲ್ಲಿ ಎಷ್ಟು ಉಳಿಯುತ್ತದೆ?

ಬಿಡದಿ ಬಳಿಯ ಬೈರಮಂಗಲದ ಸುತ್ತಮುತ್ತ ಮನೆ ರಿಪೇರಿಗೆ ಕೈಹಾಕುವವರು ಈಗ ಮೇಸ್ತ್ರಿಯ ಲೆಕ್ಕ ಒಂದನ್ನೇ ನೋಡಿದರೆ ಸಾಲದು. ಒಂದು ಕಡೆ ಬಿಡದಿ ಕೈಗಾರಿಕಾ ಪ್ರದೇಶ ಬೆಳೆದು ಬಾಡಿಗೆ ಮನೆಗಳಿಗೆ ಬೇಡಿಕೆ ಬಂದಿದೆ. ಇನ್ನೊಂದು ಕಡೆ, ಬೈರಮಂಗಲ ಮತ್ತು ಕಂಚುಗಾರನಹಳ್ಳಿ ಪಂಚಾಯಿತಿಗಳ ವ್ಯಾಪ್ತಿಯ ಜಮೀನನ್ನು ಟೌನ್‌ಶಿಪ್ ಯೋಜನೆಗಾಗಿ ಸ್ವಾಧೀನಪಡಿಸಿಕೊಳ್ಳಲು 2025ರಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಬಿದ್ದಿದೆ. ಇಂಥ ಊರಿನಲ್ಲಿ ಒಂದೇ ಮನೆಗೆ ಮೂರು ಬೆಲೆ. ಬ್ಯಾಂಕಿನದು ಒಂದು, ನೋಂದಣಿ ಕಚೇರಿಯದು ಒಂದು, ಭೂಸ್ವಾಧೀನಾಧಿಕಾರಿಯದು ಇನ್ನೊಂದು. ನೀವು ಮಾಡಿಸಿದ ಕೆಲಸ ಈ ಮೂರರಲ್ಲೂ ಒಂದೇ ತೂಕ ತೂಗುವುದಿಲ್ಲ.

ಬ್ಯಾಂಕಿನ ಲೆಕ್ಕ

ಸಾಲ ಕೇಳಿದಾಗ ಬ್ಯಾಂಕು ಕಳಿಸುವ ಮೌಲ್ಯಮಾಪಕರು ನಿವೇಶನದ ಬೆಲೆ ಬೇರೆ, ಕಟ್ಟಡದ ಬೆಲೆ ಬೇರೆ ಕಟ್ಟುತ್ತಾರೆ. ನಿವೇಶನಕ್ಕೆ ಅಕ್ಕಪಕ್ಕದ ಮಾರಾಟದ ದರ ಆಧಾರ. ಕಟ್ಟಡಕ್ಕೆ, ಇವತ್ತು ಅದನ್ನೇ ಕಟ್ಟಿದರೆ ಎಷ್ಟಾಗುತ್ತದೆ ಎಂದು ನೋಡಿ, ಸವೆತವನ್ನು ಕಳೆಯುತ್ತಾರೆ. ಉದಾಹರಣೆಗೆ, ಈಗ ಕಟ್ಟಿದರೆ 10 ಲಕ್ಷ ರೂಪಾಯಿ ಆಗುವ ತಾರಸಿ ಮನೆಗೆ 20 ವರ್ಷ ವಯಸ್ಸು, ಬಾಳಿಕೆ 60 ವರ್ಷ, ಕೊನೆಗೆ ಉಳಿಯುವ ಸಾಮಗ್ರಿಯ ಬೆಲೆ ಶೇ 10 ಎಂದುಕೊಳ್ಳಿ. ಉಳಿದ ಶೇ 90ರಲ್ಲಿ ಮೂರನೇ ಒಂದು ಪಾಲು, ಅಂದರೆ 3 ಲಕ್ಷ ಸವೆದಿದೆ. ಕೈಗೆ ಸಿಗುವ ಬೆಲೆ 7 ಲಕ್ಷ.

ಈ ಲೆಕ್ಕದಲ್ಲಿ ಚದರಡಿ ಹೆಚ್ಚಿಸುವ ಕೆಲಸಕ್ಕೇ ಹೆಚ್ಚು ಬೆಲೆ: ಹೊಸ ಕೋಣೆ, ಮೇಲಂತಸ್ತು, ಮನೆಯೊಳಗಿನ ಬಚ್ಚಲು. ಶೀಟು ತೆಗೆದು ಆರ್‌ಸಿಸಿ ತಾರಸಿ ಹಾಕಿಸಿದರೆ ಕಟ್ಟಡದ ದರ್ಜೆಯೇ ಬದಲಾಗುತ್ತದೆ. ಹೊಸ ವೈರಿಂಗು, ಸೋರಿಕೆ ನಿಲ್ಲಿಸುವ ಕೆಲಸ ಬೆಲೆಯನ್ನು ಏರಿಸದಿದ್ದರೂ ಕುಸಿಯದಂತೆ ಕಾಯುತ್ತವೆ. ಬಣ್ಣ, ಫಾಲ್ಸ್ ಸೀಲಿಂಗ್, ದುಬಾರಿ ಗ್ರಾನೈಟಿಗೆ ಹಾಕಿದ್ದರಲ್ಲಿ ಬಹುಪಾಲು ನಿಮ್ಮ ಸಂತೋಷದ ಖಾತೆಗೆ ಹೋಗುತ್ತದೆ.

ಮನೆಯೊಳಗೆ ಏನು ಮಾಡಿಸಿದರೂ ಸರಿಪಡಿಸಲಾಗದ ಕುಂದೂ ಇರುತ್ತದೆ. ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿ ಬೈರಮಂಗಲ ಕೆರೆಗೆ ಬರುತ್ತದೆ. ನೊರೆ, ವಾಸನೆ, ಕೆಟ್ಟ ಅಂತರ್ಜಲ ಮನೆಯ ಬೆಲೆಯನ್ನೂ ಜಗ್ಗುತ್ತವೆ. ಕೆರೆಯ ಹತ್ತಿರ ಇದ್ದವರು ಅಲಂಕಾರಕ್ಕಿಂತ ಮೊದಲು ಕುಡಿಯುವ ನೀರಿನ ವ್ಯವಸ್ಥೆಗೆ, ಮಳೆನೀರಿನ ಸಂಪಿಗೆ ಹಣ ಹಾಕುವುದು ಮೇಲು.

ನೋಂದಣಿ ಕಚೇರಿಯ ಲೆಕ್ಕ

ರಾಜ್ಯದಾದ್ಯಂತ 2023ರ ಅಕ್ಟೋಬರ್ 1ರಿಂದ ಪರಿಷ್ಕೃತ ಮಾರ್ಗಸೂಚಿ ದರಗಳು ಜಾರಿಗೆ ಬಂದವು. ಇಲ್ಲಿ ಕಟ್ಟಡವನ್ನು ಚಾವಣಿಯ ಬಗೆ, ವಿಸ್ತೀರ್ಣ, ವಯಸ್ಸಿನ ಮೇಲೆ ಅಳೆಯುತ್ತಾರೆ. ಅಡುಗೆಮನೆ ಎಷ್ಟು ಚೆಂದ ಎಂಬುದು ಈ ಲೆಕ್ಕಕ್ಕೆ ಬರುವುದಿಲ್ಲ. ಮುದ್ರಾಂಕ ಶುಲ್ಕಕ್ಕೆ ಇದು ಆಧಾರ.

ಸ್ವಾಧೀನದ ಲೆಕ್ಕ

2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಮೊದಲು ಜಮೀನಿನ ಮಾರುಕಟ್ಟೆ ಬೆಲೆ ನಿಗದಿಯಾಗುತ್ತದೆ. ಗ್ರಾಮೀಣ ಪ್ರದೇಶದಲ್ಲಿ ಅದನ್ನು 1ರಿಂದ 2ರವರೆಗಿನ ಗುಣಕದಿಂದ ಗುಣಿಸುತ್ತಾರೆ. ಕಟ್ಟಡಕ್ಕೆ ಈ ಗುಣಕ ಇಲ್ಲ. ಆದರೆ ಗುಣಿಸಿದ ಜಮೀನಿನ ಬೆಲೆ ಮತ್ತು ಅದರ ಮೇಲಿನ ಆಸ್ತಿಯ ಬೆಲೆ ಕೂಡಿಸಿ, ಅಷ್ಟೇ ಮೊತ್ತವನ್ನು ಸೊಲೇಷಿಯಂ ಎಂದು ಮತ್ತೆ ಸೇರಿಸುತ್ತಾರೆ. ಹಾಗಾಗಿ ಆಸ್ತಿಯ ಪಟ್ಟಿಯಿಂದ ಬಿಟ್ಟುಹೋದ ಒಂದು ಕೊಟ್ಟಿಗೆ ಎಂದರೆ ಅದರ ಬೆಲೆಯ ಎರಡರಷ್ಟು ನಷ್ಟ.

ಕಟ್ಟಡಕ್ಕೆ ಎಂಜಿನಿಯರು, ಗಿಡಮರಗಳಿಗೆ ಕೃಷಿ, ತೋಟಗಾರಿಕೆ, ಅರಣ್ಯ, ರೇಷ್ಮೆ ಕ್ಷೇತ್ರದ ಅನುಭವಿಗಳ ನೆರವು ಪಡೆಯಲು ಕಾಯ್ದೆಯ 29ನೇ ಸೆಕ್ಷನ್ ಅವಕಾಶ ಕೊಡುತ್ತದೆ. ರೇಷ್ಮೆ ಸೀಮೆಯ ನಮಗೆ ಇದು ದೊಡ್ಡ ಮಾತು. ಅಳತೆಗೆ ಬಂದವರ ಜೊತೆ ನಿಂತು ಹುಳು ಮನೆ, ಹಿಪ್ಪುನೇರಳೆ ತೋಟ, ತೆಂಗು, ಕೊಳವೆಬಾವಿ, ಪೈಪ್‌ಲೈನು, ಕಾಂಪೌಂಡು ಎಲ್ಲವನ್ನೂ ಬರೆಸಿ. ಬರೆದದ್ದನ್ನು ಓದಿ ಸಹಿ ಮಾಡಿ, ಒಂದು ಪ್ರತಿ ಇಟ್ಟುಕೊಳ್ಳಿ.

ಜಮೀನಿನ ಬೆಲೆಯನ್ನು ಪ್ರಾಥಮಿಕ ಅಧಿಸೂಚನೆಯ ದಿನಕ್ಕೆ ಲೆಕ್ಕ ಹಾಕುತ್ತಾರೆ ಎಂಬುದನ್ನು ಮರೆಯಬೇಡಿ. ಹಳೆಯ 1894ರ ಕಾಯ್ದೆಯಂತೂ ಅಧಿಸೂಚನೆಯ ನಂತರ ಅನುಮತಿಯಿಲ್ಲದೆ ಮಾಡಿದ ಸುಧಾರಣೆಯನ್ನು ಪರಿಹಾರದಿಂದ ಹೊರಗಿಟ್ಟಿತ್ತು. ಪರಿಹಾರ ಹೆಚ್ಚುತ್ತದೆಂದು ಯಾರೋ ಹೇಳಿದ ಮಾತು ನಂಬಿ, ಈಗ ಸಾಲ ಮಾಡಿ ಮಹಡಿ ಏರಿಸಬೇಡಿ.

ದಾಖಲೆ ಇದ್ದರೆ ಬೆಲೆ

ಪಂಚಾಯಿತಿ ಅನುಮತಿ ಇಲ್ಲದ ಮೇಲಂತಸ್ತನ್ನೂ ಭೂಪರಿವರ್ತನೆ ಆಗದ ಜಮೀನಿನ ಮನೆಯನ್ನೂ ಬ್ಯಾಂಕು ಅನುಮಾನದಿಂದಲೇ ನೋಡುತ್ತದೆ. ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೈಯಲ್ಲಿದ್ದರೆ ಅರ್ಧ ದಾರಿ ಸವೆಸಿದಂತೆ. ಕೋಣೆ ಸೇರಿಸಿದ ಮೇಲೆ ಅಳತೆ ತಿದ್ದಿಸಿ, ಕಂದಾಯ ಕಟ್ಟಿ. ಕೆಲಸಕ್ಕೆ ಮೊದಲೊಂದು, ಮುಗಿದ ಮೇಲೊಂದು ಫೋಟೊ ತೆಗೆದಿಡಿ. ಸಿಮೆಂಟು, ಕಬ್ಬಿಣದ ಬಿಲ್ಲುಗಳನ್ನು ಜೋಪಾನ ಮಾಡಿ. ಮುಂದೆ ಮನೆ ಮಾರಿದರೆ, ಶಾಶ್ವತ ಸುಧಾರಣೆಗೆ ಹಾಕಿದ ಖರ್ಚನ್ನು ಲಾಭದಿಂದ ಕಳೆದು ತೆರಿಗೆ ಲೆಕ್ಕ ಹಾಕುವಾಗಲೂ ಅವೇ ಸಾಕ್ಷಿ.

ಇಷ್ಟರ ಮೇಲೂ, ಸೋರುವ ಸೂರಿನ ಕೆಳಗೆ ಮಕ್ಕಳು ಮಲಗುತ್ತಿದ್ದರೆ ಯಾವ ಬೆಲೆಗೂ ಕಾಯಬೇಡಿ. ಮೊದಲು ಅದನ್ನು ಸರಿಮಾಡಿಸಿ, ಬಿಲ್ಲನ್ನು ಎತ್ತಿಡಿ.