ಹಳೆಯ ಕಾರಿನ ಚಾಲಕನ ಸೀಟು: ಸೊಂಟನೋವಿಗೆ ರಸ್ತೆಯೊಂದೇ ಕಾರಣವಲ್ಲ

ಬೆಂಗಳೂರು: ಕಾರು ಹಳತಾದಂತೆ ಮಾಲೀಕರ ಗಮನವೆಲ್ಲ ಎಂಜಿನ್, ಬ್ಯಾಟರಿ, ಟೈರುಗಳ ಕಡೆಗೇ ಹರಿಯುತ್ತದೆ. ಆಯಿಲ್ ಬದಲಿಸಿದ ದಿನಾಂಕವನ್ನು ತಪ್ಪದೆ ಬರೆದಿಡುವವರು ಕೂಡ ತಾವು ದಿನಕ್ಕೆ ಎರಡು ಮೂರು ಗಂಟೆ ಕುಳಿತುಕೊಳ್ಳುವ ಸೀಟಿನತ್ತ ಕಣ್ಣು ಹಾಯಿಸುವುದಿಲ್ಲ. ಸೊಂಟ ಹಿಡಿದುಕೊಂಡಾಗ ಬೈಗುಳಕ್ಕೆ ಗುರಿಯಾಗುವುದು ರಸ್ತೆಯ ಗುಂಡಿಗಳು, ಇಲ್ಲವೇ ವಯಸ್ಸು. ಗುಂಡಿಗಳ ಪಾಲನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದೇ ರಸ್ತೆಯಲ್ಲಿ, ಅದೇ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕುಳಿತವರಿಗೆ ನೋವಿಲ್ಲದೆ ಚಾಲಕನಿಗೆ ಮಾತ್ರ ನೋವಿದೆ ಎಂದಾದರೆ ದೋಷವನ್ನು ಬೇರೆಡೆ ಹುಡುಕಬೇಕಾಗುತ್ತದೆ.

ಖಾಸಗಿ ಕಾರಿನ ನೋಂದಣಿಗೆ 15 ವರ್ಷಗಳ ಅವಧಿಯಿದ್ದು, ಬಳಿಕ ತಪಾಸಣೆಗೆ ಒಳಪಡಿಸಿ 5 ವರ್ಷಗಳಿಗೊಮ್ಮೆ ನವೀಕರಿಸಿಕೊಳ್ಳಲು ಅವಕಾಶವಿದೆ. ಆ ತಪಾಸಣೆಗೆಂದು ಬ್ರೇಕು, ದೀಪ, ಹೊಗೆ ಎಲ್ಲವನ್ನೂ ಸರಿಪಡಿಸಿಕೊಳ್ಳುವ ಮಾಲೀಕರು ಸೀಟಿನ ಸ್ಪಂಜಿನ ಗೋಜಿಗೆ ಹೋಗುವುದು ಕಡಿಮೆ. ಮಾರುತಿ 800 ಹಾಗೂ ಅಂಬಾಸಿಡರ್ ಕಾರುಗಳ ತಯಾರಿಕೆ 2014ರಲ್ಲೇ ನಿಂತಿತು. ಓಮ್ನಿ 2019ರಲ್ಲಿ ನಿಂತಿತು. ಅಂದರೆ ಕಟ್ಟಕಡೆಯದಾಗಿ ತಯಾರಾದ ಮಾರುತಿ 800 ಕೂಡ ಹತ್ತು ವರ್ಷ ದಾಟಿದೆ. ಇವುಗಳಲ್ಲಿ ಮೂಲ ಸ್ಪಂಜಿನ ಮೇಲೆಯೇ ಓಡುತ್ತಿರುವ ಕಾರುಗಳಿಗೆ ಕೊರತೆಯಿಲ್ಲ.

ಸೀಟು ಕುಸಿಯುವುದು ಹೇಗೆ?

ಕಾರಿನ ಸೀಟು ಮೂರು ಪದರಗಳ ವಸ್ತು. ತಳದಲ್ಲಿ ಕಬ್ಬಿಣದ ಚೌಕಟ್ಟು, ಅದರಲ್ಲಿ ಹಾವಿನಂತೆ ಬಳುಕಿದ ತಂತಿ ಸ್ಪ್ರಿಂಗುಗಳು ಅಥವಾ ಜಾಲರಿ. ಅದರ ಮೇಲೆ ಅಚ್ಚಿನಲ್ಲಿ ಎರಕಹೊಯ್ದ ಪಾಲಿಯುರೆಥೇನ್ ಸ್ಪಂಜು. ಎಲ್ಲಕ್ಕೂ ಮೇಲೆ ಬಟ್ಟೆ ಅಥವಾ ರೆಕ್ಸಿನ್ ಹೊದಿಕೆ. ಸ್ಪಂಜೆಂದರೆ ಗಾಳಿ ತುಂಬಿದ ಲೆಕ್ಕವಿಲ್ಲದಷ್ಟು ಸಣ್ಣ ಕೋಶಗಳ ಗುಚ್ಛ. ದಿನವೂ ಅದೇ ಜಾಗದಲ್ಲಿ ಅದೇ ಭಾರ ಬಿದ್ದಾಗ, ಬಿಸಿಲಿನ ಶಾಖ ಮತ್ತು ಬೆವರಿನ ತೇವವೂ ಸೇರಿ ಈ ಕೋಶಗಳ ಗೋಡೆಗಳು ಸೋಲುತ್ತವೆ. ಒತ್ತಿದಾಗ ಮರಳಿ ಏಳುವ ಶಕ್ತಿ ಕುಂದುತ್ತದೆ. ಓಮ್ನಿಯಲ್ಲಂತೂ ಎಂಜಿನ್ ಇರುವುದೇ ಮುಂದಿನ ಸೀಟುಗಳ ಕೆಳಗೆ. ಮೇಲಿನ ಬಿಸಿಲಿನ ಜತೆ ಕೆಳಗಿನ ಕಾವನ್ನೂ ಆ ಸ್ಪಂಜು ತಾಳಿಕೊಳ್ಳಬೇಕು.

ಕುಸಿತ ಎಲ್ಲೆಡೆ ಸಮನಾಗಿ ಆಗುವುದಿಲ್ಲ ಎಂಬುದೇ ಇಲ್ಲಿನ ಮುಖ್ಯ ತೊಂದರೆ. ಚಾಲಕ ಹತ್ತಿ ಇಳಿಯುವಾಗ ಉಜ್ಜುವ ಬಾಗಿಲಿನ ಬದಿಯ ಅಂಚು ಮೊದಲು ಸವೆಯುತ್ತದೆ. ಕುಳಿತಾಗ ಆ ಬದಿಗೆ ಸೊಂಟ ವಾಲುತ್ತದೆ, ಬೆನ್ನುಮೂಳೆ ಅದನ್ನು ಸರಿದೂಗಿಸಲು ಇನ್ನೊಂದು ಬದಿಗೆ ಬಾಗುತ್ತದೆ. ಆಸನದ ಹಿಂಭಾಗ ಹಳ್ಳವಾದರೆ ಸೊಂಟ ಹಿಂದಕ್ಕೆ ಉರುಳಿ ಕೆಳಬೆನ್ನಿನ ಸಹಜ ಬಾಗು ಮಾಯವಾಗುತ್ತದೆ. ಮುಂದಿನ ಅಂಚು ಕುಸಿದರೆ ತೊಡೆಗಳಿಗೆ ಆಧಾರ ತಪ್ಪಿ, ಇಡೀ ಭಾರ ಪೃಷ್ಠದ ಎರಡು ಮೂಳೆಗಳ ಮೇಲೆ ಬೀಳುತ್ತದೆ. ಕ್ಲಚ್ ಒತ್ತುವ ಕಾಲು ಬೇಗನೆ ಸೋಲುವುದಕ್ಕೆ ಇದೂ ಒಂದು ಕಾರಣ.

ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಬೆನ್ನುಮೂಳೆಯ ಡಿಸ್ಕಿನೊಳಗೆ ಸೂಜಿ ಇಳಿಸಿ ಒತ್ತಡವನ್ನು ಅಳೆದಿದ್ದರು. ಆಧಾರವಿಲ್ಲದೆ ಕುಳಿತಾಗ ಆ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚಿರುವುದು ಅವರಿಗೆ ಕಂಡುಬಂತು. ಬೆನ್ನಾಸರೆಯನ್ನು ತುಸು ಹಿಂದಕ್ಕೆ ವಾಲಿಸಿ ಸೊಂಟದ ಬಾಗಿಗೆ ಒತ್ತು ಕೊಟ್ಟಾಗ ಅದು ಇಳಿಯುತ್ತದೆ ಎಂಬುದನ್ನು 1970ರ ದಶಕದಲ್ಲಿ ಅಲ್ಲಿಯದೇ ಸಂಶೋಧಕರು ತೋರಿಸಿದರು. ಇನ್ನು ಕಂಪನದ ವಿಷಯ. ಕುಳಿತ ಮನುಷ್ಯನ ದೇಹ ಸೆಕೆಂಡಿಗೆ ಸುಮಾರು 4ರಿಂದ 6 ಬಾರಿ ಮೇಲೆ ಕೆಳಗಾಗುವ ಕುಲುಕಾಟಕ್ಕೆ ಅತಿ ಹೆಚ್ಚು ಸ್ಪಂದಿಸುತ್ತದೆ. ಸತ್ತ ಸ್ಪಂಜಿನ ಮೇಲೆ ಕುಳಿತವನಿಗೆ ಕಾರಿನ ನೆಲದ ಕುಲುಕಾಟ ನೇರವಾಗಿ ಸ್ಪ್ರಿಂಗು ಚೌಕಟ್ಟುಗಳಿಂದ ಬೆನ್ನಿಗೆ ತಲುಪುತ್ತದೆ.

ಖರ್ಚಿಗೆ ಮೊದಲು ಪರೀಕ್ಷೆ

ದುಡ್ಡು ಬಿಚ್ಚುವ ಮೊದಲು ಮಾಡಬಹುದಾದ ಕೆಲಸಗಳಿವೆ. ಮೊದಲನೆಯದು ತೀರ ಸರಳ: ಹಿಂದಿನ ಕಿಸೆಯ ಪರ್ಸನ್ನು ತೆಗೆದಿಡುವುದು. ಒಂದು ಬದಿಯ ಪೃಷ್ಠವನ್ನೇ ಎತ್ತಿ ಕೂರಿಸುವ ದಪ್ಪ ಪರ್ಸು ಎಷ್ಟು ಒಳ್ಳೆಯ ಸೀಟನ್ನಾದರೂ ಕೆಡಿಸಬಲ್ಲದು.

ಎರಡನೆಯದು, ಸೀಟನ್ನು ಸರಿಯಾಗಿ ಹೊಂದಿಸಿಕೊಂಡಿದ್ದೇವೆಯೇ ಎಂದು ನೋಡುವುದು. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಿಚಿರಬೇಕು. ಭುಜಗಳು ಸೀಟಿಗೆ ಅಂಟಿರುವಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟಿಯರಿಂಗಿನ ಮೇಲಂಚಿನ ಮೇಲೆ ಕೂರಬೇಕು. ಮೊಣಕಾಲಿನ ಹಿಂಬದಿಗೂ ಸೀಟಿನ ಅಂಚಿಗೂ ನಡುವೆ ಎರಡು ಮೂರು ಬೆರಳಿನ ಅಂತರವಿರಬೇಕು. ಬೆನ್ನಾಸರೆ 100ರಿಂದ 110 ಡಿಗ್ರಿಯಷ್ಟು ವಾಲಿದ್ದರೆ ಸಾಕು. ಅದಕ್ಕಿಂತ ಹೆಚ್ಚು ಮಲಗಿಸಿಕೊಂಡು ಕತ್ತನ್ನು ಮುಂದಕ್ಕೆ ಚಾಚಿ ಓಡಿಸುವುದು ನೋಡಲು ಆರಾಮವೆನಿಸಿದರೂ ಕುತ್ತಿಗೆಗೆ ಶಿಕ್ಷೆಯೇ ಸರಿ.

ಇಷ್ಟಾದರೂ ನೋವು ಹೋಗದಿದ್ದರೆ ಚಾಲಕನ ಸೀಟನ್ನು ಪಕ್ಕದ ಸೀಟಿನೊಡನೆ ಹೋಲಿಸಬೇಕು. ಹಳೆಯ ಕಾರುಗಳಲ್ಲಿ ಪಕ್ಕದ ಸೀಟು ಕಡಿಮೆ ಬಳಕೆಯಾಗಿರುವುದರಿಂದ ಅದೇ ಒಳ್ಳೆಯ ಅಳತೆಗೋಲು. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎರಡೂ ಸೀಟುಗಳಲ್ಲಿ ನೆಲದಿಂದ ಮೇಲ್ಮೈವರೆಗಿನ ಎತ್ತರವನ್ನು ಎಡ, ಬಲ, ಹಿಂದೆ, ಮುಂದೆ ಹೀಗೆ ನಾಲ್ಕು ಕಡೆ ಅಳೆದರೆ ಎಲ್ಲಿ ಎಷ್ಟು ಕುಸಿದಿದೆ ಎಂಬುದು ತಿಳಿಯುತ್ತದೆ. ಮುಷ್ಟಿಯಿಂದ ಒತ್ತಿದಾಗ ಗಟ್ಟಿ ತಂತಿ ಕೈಗೆ ತಾಗಿದರೆ ಸ್ಪಂಜು ಮುಗಿದಂತೆ. ಕುಳಿತಾಗ ಟಕ್ಕೆಂದು ಸದ್ದು ಬಂದರೆ ಸ್ಪ್ರಿಂಗಿನ ಕೊಕ್ಕೆ ಕಳಚಿರಬಹುದು ಅಥವಾ ಚೌಕಟ್ಟಿನ ಬೆಸುಗೆ ಬಿಟ್ಟಿರಬಹುದು. ಕೆಳಬೆನ್ನಿಗೆ ಮಾತ್ರ ಆಧಾರ ಸಾಲದೆನಿಸಿದರೆ ಸಣ್ಣ ಟವೆಲ್ಲೊಂದನ್ನು ಸುರುಳಿ ಸುತ್ತಿ, ಬೆಲ್ಟು ಕಟ್ಟುವ ಮಟ್ಟದಲ್ಲಿ ಇಟ್ಟುಕೊಂಡು ಒಂದು ವಾರ ಓಡಿಸಿ ನೋಡಬಹುದು. ಅದರಿಂದ ಗುಣ ಕಂಡರೆ ಕೆಲಸಗಾರನಿಗೆ ಏನು ಹೇಳಬೇಕೆಂಬುದು ಸ್ಪಷ್ಟವಾಗುತ್ತದೆ.

ಕವರ್ ಹೊಸದು, ಒಳಗೆ ಹಳೆಯದೇ

ಬೆಂಗಳೂರಿನ ಜೆ.ಸಿ. ರಸ್ತೆ ಕಾರಿನ ಬಿಡಿಭಾಗ, ಅಲಂಕಾರ ಸಾಮಗ್ರಿಗಳಿಗೆ ಹೆಸರಾದ ಜಾಗ. ಜಿಲ್ಲಾ ಕೇಂದ್ರಗಳಲ್ಲೂ ಸೀಟು ಹೊಲಿಯುವ ಅಂಗಡಿಗಳಿವೆ. ಇಂಥಲ್ಲಿಗೆ ಹೋಗುವ ಬಹುತೇಕರು ಕೇಳುವುದು ಕವರಿನ ಬಣ್ಣವನ್ನು. ಕುಸಿದ ಸ್ಪಂಜಿನ ಮೇಲೆ ಹೊಸ ಕವರ್ ಬಿಗಿದರೆ ಸೀಟು ಚೆಂದ ಕಾಣುತ್ತದೆಯೇ ಹೊರತು ನೋವು ಕಡಿಮೆಯಾಗುವುದಿಲ್ಲ. ಟ್ಯಾಕ್ಸಿಗಳಲ್ಲಿ ಕಾಣುವ ಮರದ ಮಣಿಗಳ ಹಾಸು ಬೆನ್ನಿಗೆ ಗಾಳಿಯಾಡಲು ಒಳ್ಳೆಯದು, ಅಷ್ಟೇ.

ಸರಿಯಾದ ಕೆಲಸವೆಂದರೆ ಸೀಟನ್ನು ಕಾರಿನಿಂದ ಬಿಚ್ಚಿ ಹೊದಿಕೆ ತೆಗೆಯಿಸಿ ಒಳಗನ್ನು ಕಣ್ಣಾರೆ ನೋಡುವುದು. ಕಳಚಿದ ಸ್ಪ್ರಿಂಗುಗಳನ್ನು ಮೊದಲು ಕೂರಿಸಬೇಕು. ಬೆಸುಗೆ ಬೇಕಿದ್ದರೆ ಸ್ಪಂಜನ್ನು ಪೂರ್ತಿ ತೆಗೆದು, ಚೌಕಟ್ಟನ್ನು ಕಾರಿನ ಹೊರಗಿಟ್ಟೇ ಮಾಡಿಸಬೇಕು. ಪಾಲಿಯುರೆಥೇನ್ ಉರಿದರೆ ವಿಷಾನಿಲ ಹೊರಡುತ್ತದೆ. ಸ್ಪ್ರಿಂಗು ಮತ್ತು ಸ್ಪಂಜಿನ ನಡುವೆ ಗೋಣಿಬಟ್ಟೆ ಅಥವಾ ದಪ್ಪ ಫೆಲ್ಟಿನ ಪದರ ಇರಲೇಬೇಕು. ಅದು ಹರಿದುಹೋದಾಗ ತಂತಿಗಳು ಹೊಸ ಸ್ಪಂಜನ್ನೂ ಕೆಲವೇ ತಿಂಗಳಲ್ಲಿ ಕೊಯ್ಯುತ್ತವೆ. ಅಗ್ಗದ ವಸ್ತುವೆಂದು ಇದನ್ನು ಮರೆಯುವವರೇ ಹೆಚ್ಚು.

ಸ್ಪಂಜಿನ ಆಯ್ಕೆಯಲ್ಲಿ ಒಂದು ಗೊಂದಲವಿದೆ. ಅಂಗಡಿಯಲ್ಲಿ ಹೇಳುವ 'ಡೆನ್ಸಿಟಿ' ಎಂಬುದು ಒಂದು ಘನ ಮೀಟರ್ ಸ್ಪಂಜು ಎಷ್ಟು ಕಿಲೋ ತೂಗುತ್ತದೆ ಎಂಬ ಲೆಕ್ಕ. ಅದು ಬಾಳಿಕೆಯ ಸೂಚನೆ, ಗಟ್ಟಿತನದ್ದಲ್ಲ. ಮೆತ್ತಗಿದ್ದೂ ಹೆಚ್ಚು ಡೆನ್ಸಿಟಿಯ ಸ್ಪಂಜು ಇರಬಹುದು, ಗಟ್ಟಿಯಿದ್ದೂ ಕಡಿಮೆ ಡೆನ್ಸಿಟಿಯದಿರಬಹುದು. ಕೂರುವ ಭಾಗಕ್ಕೆ 40ಕ್ಕಿಂತ ಕಡಿಮೆಯದನ್ನು ಹಾಕಿಸದಿರುವುದು ಕ್ಷೇಮ. ಹಾಸಿಗೆ ಅಂಗಡಿಯ ತುಂಡನ್ನು ತಂದು ತುರುಕಿಸಿದರೆ ಮೊದಲ ವಾರ ಸುಖ, ಮೂರನೇ ತಿಂಗಳಿಗೆ ಮತ್ತೆ ಹಳ್ಳ.

ಅಚ್ಚಿನ ಮೂಲ ಸ್ಪಂಜು ಪುಡಿಯಾಗಿರದಿದ್ದರೆ ಅದನ್ನು ಪೂರ್ತಿ ಎಸೆಯುವ ಅಗತ್ಯವಿಲ್ಲ. ಕುಸಿದ ಭಾಗವನ್ನಷ್ಟೇ ಕತ್ತರಿಸಿ ತೆಗೆದು ಗಟ್ಟಿ ಸ್ಪಂಜಿನ ತುಂಡನ್ನು ಅಂಟಿಸಿ, ಇಡೀ ಮೇಲ್ಮೈಗೆ ಒಂದೆರಡು ಸೆಂಟಿಮೀಟರಿನ ಮೆದು ಪದರ ಹೊದಿಸುವುದು ಉತ್ತಮ ವಿಧಾನ. ತೊಡೆಗೆ ಆಧಾರ ಬೇಕಿದ್ದರೆ ಮುಂದಂಚಿಗೆ ಓರೆಯಾಗಿ ಕತ್ತರಿಸಿದ ತುಂಡನ್ನು ಸೇರಿಸಬಹುದು. ಎಲ್ಲವೂ ಮೆತ್ತಗಿರಲಿ ಎಂದು ಕೇಳುವುದು ಮಾತ್ರ ತಪ್ಪು. ಅತಿ ಮೆತ್ತನೆಯ ಸೀಟಿನಲ್ಲಿ ಅಪಘಾತದ ವೇಳೆ ದೇಹ ಬೆಲ್ಟಿನ ಕೆಳಗೆ ಜಾರಿ, ಸೊಂಟದ ಮೇಲಿರಬೇಕಾದ ಪಟ್ಟಿ ಹೊಟ್ಟೆಯನ್ನು ಒತ್ತುವ ಅಪಾಯವಿದೆ.

ಹೊದಿಕೆಯ ವಿಷಯದಲ್ಲಿ ಊರಿಗೆ ತಕ್ಕ ಆಯ್ಕೆ ಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕಪ್ಪು ರೆಕ್ಸಿನ್ ಕಾದ ಹೆಂಚಾಗುತ್ತದೆ. ಕರಾವಳಿಯ ತೇವದಲ್ಲಿ ದಪ್ಪ ಬಟ್ಟೆ ಬೇಗ ಒಣಗದೆ ಬೂಷ್ಟು ಹಿಡಿಯುತ್ತದೆ.

ಹಳಿ, ಬೋಲ್ಟು ಮತ್ತು ಜೀವ

ಸೀಟು ಸಾಮಾನ್ಯವಾಗಿ ನಾಲ್ಕು ಬೋಲ್ಟುಗಳ ಮೇಲೆ ನಿಂತಿರುತ್ತದೆ. ಮಳೆಗಾಲದಲ್ಲಿ ಒದ್ದೆ ಮ್ಯಾಟಿನ ಕೆಳಗೆ ಅವು ತುಕ್ಕು ಹಿಡಿಯುವುದುಂಟು. ಹಿಂದೆ ಮುಂದೆ ಸರಿಯುವ ಹಳಿಗಳಲ್ಲಿ ಧೂಳು, ನಾಣ್ಯ, ಕಡಲೆಬೀಜದ ಸಿಪ್ಪೆ ಎಲ್ಲವೂ ಸೇರಿರುತ್ತವೆ. ಸೀಮೆಎಣ್ಣೆ ಹಾಗೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅವನ್ನು ತೊಳೆದು, ಒರೆಸಿ ತೆಳ್ಳಗೆ ಗ್ರೀಸ್ ಹಚ್ಚಬೇಕು. ಹಳಿಯ ಎರಡೂ ಬದಿಯ ಹಿಡಿಕೆ ಕೊಕ್ಕೆಗಳು ಕಚ್ಚುತ್ತಿವೆಯೇ ಎಂಬುದನ್ನು ಜಗ್ಗಿ ನೋಡುವುದು ಕಡ್ಡಾಯ. ಒಂದೇ ಕೊಕ್ಕೆಯ ಮೇಲೆ ನಿಂತ ಸೀಟು ಜೋರಾಗಿ ಬ್ರೇಕು ಒತ್ತಿದಾಗ ಜಾರಿದರೆ ಪೆಡಲು ಕಾಲಿಗೆ ಸಿಗುವುದಿಲ್ಲ.

ಎತ್ತರ ಸಾಲದೆಂದು ಬೋಲ್ಟಿನ ಕೆಳಗೆ ಮರದ ತುಂಡಿಡುವ ಉಪಾಯಕ್ಕೆ ಯಾರೂ ಕೈಹಾಕಬಾರದು. ಮರ ಕುಗ್ಗುತ್ತದೆ, ಬೋಲ್ಟು ಸಡಿಲವಾಗುತ್ತದೆ. ಅನೇಕ ಕಾರುಗಳಲ್ಲಿ ಸೀಟ್ ಬೆಲ್ಟಿನ ಕೊಂಡಿಯೂ ಸೀಟಿಗೇ ಅಂಟಿಕೊಂಡಿರುತ್ತದೆ ಎಂಬುದನ್ನು ನೆನಪಿಡಬೇಕು. ಸೀಟಿನ ಕೆಳಗೆ ಹಳದಿ ಬಣ್ಣದ ವೈರ್ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್ ಅಥವಾ ಬೆಲ್ಟ್ ಬಿಗಿಯುವ ಸಾಧನದ್ದು; ಅಂಥ ಕಾರಿನ ಸೀಟನ್ನು ಬಿಚ್ಚುವ ಕೆಲಸವನ್ನು ತಿಳಿದ ಮೆಕ್ಯಾನಿಕ್‌ಗೇ ಬಿಡಬೇಕು. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಪೂರ್ತಿ ಮುಚ್ಚುವ ಸಾಮಾನ್ಯ ಕವರ್ ಹೊಲಿಸಿದರೆ ಅದು ಬಿಚ್ಚಿಕೊಳ್ಳಲು ದಾರಿಯೇ ಇರುವುದಿಲ್ಲ.

ಸೀಟು ಸರಿಹೋದ ಮೇಲೂ ನೋವು ಕಾಲಿಗೆ ಇಳಿಯುತ್ತಿದ್ದರೆ, ಪಾದ ಜೋಮು ಹಿಡಿದು ಬಲ ಕುಗ್ಗಿದರೆ ಗ್ಯಾರೇಜಿನಲ್ಲಿ ಪರಿಹಾರವಿಲ್ಲ, ವೈದ್ಯರನ್ನು ಕಾಣಬೇಕು. ಅದರ ಜತೆ ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ತುರ್ತು.

ಹೊಸ ಸ್ಪಂಜಿನಿಂದ ಚಾಲಕ ಎರಡು ಮೂರು ಸೆಂಟಿಮೀಟರ್ ಮೇಲಕ್ಕೆ ಏರಿರುತ್ತಾನೆ. ಆದ್ದರಿಂದ ಮೂರೂ ಕನ್ನಡಿಗಳನ್ನು, ತಲೆಯಾಸರೆಯನ್ನು ಮರುಹೊಂದಿಸಿಕೊಳ್ಳಬೇಕು. ತಲೆಯಾಸರೆಯ ಮೇಲಂಚು ನೆತ್ತಿಯ ಮಟ್ಟಕ್ಕಿರಬೇಕು. ಮೊದಲ ಕೆಲವು ವಾರಗಳಲ್ಲಿ ಸ್ಪಂಜು ಸ್ವಲ್ಪ ಕೂರುವುದು ಸಹಜ. ಅದು ಕೂತ ಬಳಿಕ ಒಮ್ಮೆ ಸ್ಪ್ಯಾನರ್ ಹಿಡಿದು ನಾಲ್ಕೂ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಬೇಕು.