ಹಲ್ಲಿಗೆ ಮೂರನೆಯ ಹುಟ್ಟುಂಟೇ?

ಕಳೆದ ಮಳೆಗಾಲದ ಒಂದು ಸಂಜೆ ಮಣಿಪಾಲದ ನಮ್ಮ ಚಿಕಿತ್ಸಾಲಯಕ್ಕೆ ಕಾರ್ಕಳ ಕಡೆಯ ಅಜ್ಜಿಯೊಬ್ಬರು ಎಂಟು ವರ್ಷದ ಮೊಮ್ಮಗನನ್ನು ಕರೆತಂದರು. ಶಾಲೆಯ ಅಂಗಳದಲ್ಲಿ ಬಿದ್ದು ಅವನ ಮೇಲ್ದವಡೆಯ ಮುಂಬಲ್ಲು ಮುರಿದು ಕೆಲವು ವಾರಗಳಾಗಿದ್ದವು. ಹಲ್ಲು ಕಪ್ಪಿಟ್ಟಿತ್ತು, ವಸಡಿನಲ್ಲಿ ಕೀವು ಕಟ್ಟಿತ್ತು. "ಇದನ್ನು ಕೀಳಿಸಿಬಿಡುತ್ತೇವೆ ಡಾಕ್ಟ್ರೇ. ಈಗ ಹೊಸ ಹಲ್ಲನ್ನೇ ಬೆಳೆಸುತ್ತಾರಂತಲ್ಲ! ಇವನ ಹಾಲುಹಲ್ಲುಗಳನ್ನು ದುಡ್ಡು ಕೊಟ್ಟು ಎಲ್ಲಿಯೋ ಇಡಿಸಬೇಕೆಂದು ಮಗ ಹೇಳುತ್ತಿದ್ದಾನೆ" ಎಂದರು. "ಅವಸರ ಬೇಡ ಅಮ್ಮಾ" ಎಂದೆವು. ಅಂದು ಅವರಿಗೆ ಹೇಳಿದ ಮಾತುಗಳು ಓದುಗ ಬಂಧುಗಳಿಗೂ ಉಪಯುಕ್ತವಾದಾವೆಂದು ಇಲ್ಲಿ ವಿವರಿಸುತ್ತಿದ್ದೇವೆ.

ಆಯುರ್ವೇದವು ಹಲ್ಲನ್ನು ಅಸ್ಥಿಗಳ ಸಾಲಿನಲ್ಲಿ ಎಣಿಸುತ್ತದೆ. ಸುಶ್ರುತರು ಅದನ್ನು ರುಚಕಾಸ್ಥಿ ಎಂದು ಕರೆದಿದ್ದಾರೆ. ಮಕ್ಕಳ ಆರೋಗ್ಯವನ್ನು ಕುರಿತ ಕಾಶ್ಯಪ ಸಂಹಿತೆಯು ಮೂವತ್ತೆರಡು ಹಲ್ಲುಗಳಲ್ಲಿ ಎಂಟು ಒಮ್ಮೆ ಮಾತ್ರ ಹುಟ್ಟುವಂಥವು, ಉಳಿದವು ದ್ವಿಜ, ಅಂದರೆ ಎರಡು ಬಾರಿ ಹುಟ್ಟುವಂಥವು ಎನ್ನುತ್ತದೆ. ಇಂದಿನ ಎಣಿಕೆಯಲ್ಲಿ ಎರಡು ಬಾರಿ ಹುಟ್ಟುವವು 20, ಒಮ್ಮೆ ಮಾತ್ರ ಹುಟ್ಟುವ ದವಡೆಹಲ್ಲುಗಳು 12. ಲೆಕ್ಕ ತುಸು ಬೇರೆಯಾದರೂ ಒಂದು ಮಾತಿನಲ್ಲಿ ಭೇದವಿಲ್ಲ: ಮೂರನೆಯ ಹುಟ್ಟನ್ನು ಪ್ರಕೃತಿ ನಮಗೆ ಕೊಟ್ಟಿಲ್ಲ. ಆ ಮೂರನೆಯ ಹುಟ್ಟಿನ ಹುಡುಕಾಟವೇ ಇಂದಿನ ದಂತ ಅಂಗಾಂಶ ತಂತ್ರವಿದ್ಯೆ.

ನಮ್ಮ ಕರಾವಳಿಯ ಹಿತ್ತಿಲಲ್ಲಿ ಬಸಳೆಗೆ ಚಪ್ಪರ ಹಾಕುವುದನ್ನು ಎಲ್ಲರೂ ಕಂಡಿದ್ದೇವೆ. ಚಪ್ಪರವಿಲ್ಲದಿದ್ದರೆ ಬಳ್ಳಿ ನೆಲದಲ್ಲಿಯೇ ಹೊರಳುತ್ತದೆ. ಜೀವಕೋಶಗಳಿಗೂ ಹಾಗೆಯೇ, ಹಬ್ಬಿ ಬೆಳೆದು ರೂಪ ಪಡೆಯಲು ಒಂದು ಹಂದರ ಬೇಕು. ವಿಜ್ಞಾನಿಗಳು ಪ್ಲಾಸ್ಟಿಕ್ಕಿನಂತಹ ಕೃತಕ ವಸ್ತುಗಳಿಂದಲೂ ಪಿಂಗಾಣಿಯಂತಹ ವಸ್ತುಗಳಿಂದಲೂ ಹಂದರಗಳನ್ನು ರಚಿಸಿದ್ದಾರೆ. ಅದರೊಡನೆ ಪ್ರಕೃತಿಯೇ ಕಟ್ಟಿಕೊಟ್ಟ ಹಂದರದತ್ತಲೂ ತಿರುಗಿದ್ದಾರೆ. ಆ ಹಂದರ ಯಾವುದು? ಕಿತ್ತ ಹಲ್ಲು!

ಹಲ್ಲಿನ ಹೊರಕವಚವಾದ ಎನಾಮೆಲ್ ಬಹುತೇಕ ಖನಿಜವೇ. ಅದರ ಒಳಗಿನ ಡೆಂಟಿನ್‌ನಲ್ಲಿ ತೂಕದ ಸುಮಾರು ಶೇ. 70 ಖನಿಜ, ಶೇ. 20 ಕೊಲ್ಯಾಜೆನ್ ಮೊದಲಾದ ಪ್ರೋಟೀನುಗಳು, ಉಳಿದುದು ನೀರು. ಕೂದಲಿಗಿಂತಲೂ ಎಷ್ಟೋ ಪಟ್ಟು ಸೂಕ್ಷ್ಮವಾದ ಅಸಂಖ್ಯ ನಾಳಗಳು ಅದರಲ್ಲಿವೆ. ಹಲ್ಲು ಬೆಳೆಯುವಾಗ ಕೋಶಗಳಿಗೆ ದಾರಿ ತೋರಿದ ಪ್ರೋಟೀನುಗಳು ಖನಿಜದೊಳಗೆ ಹುದುಗಿ ಉಳಿದಿರುತ್ತವೆ.

ಹಂದರವನ್ನು ಸಿದ್ಧಪಡಿಸುವ ಕ್ರಮ ಹೀಗಿದೆ. ವಕ್ರದಂತ ಚಿಕಿತ್ಸೆಗಾಗಿಯೋ ಬೇರೆ ಕಾರಣಕ್ಕೋ ಕಿತ್ತ ಹಲ್ಲನ್ನು ಕೊಟ್ಟವರ ಒಪ್ಪಿಗೆಯೊಂದಿಗೆ ಪಡೆದು ತೊಳೆಯುತ್ತಾರೆ. ಬೇರಿಗೆ ಅಂಟಿದ ನಾರು, ಹೊರಪದರ, ಒಳಗಿನ ತಿರುಳು ಇವನ್ನು ಕೆರೆದು ತೆಗೆಯುತ್ತಾರೆ. ಬಳಿಕ ಕ್ಯಾಲ್ಸಿಯಂ ಅನ್ನು ಸೆಳೆದುಕೊಳ್ಳುವ ಇ.ಡಿ.ಟಿ.ಎ. ಎಂಬ ದ್ರಾವಣದಲ್ಲಿ, ಶೇ. 17, 10, 5 ಹೀಗೆ ಸಾಂದ್ರತೆಯನ್ನು ಇಳಿಸುತ್ತ, ಕೆಲವು ನಿಮಿಷಗಳಂತೆ ಇಡುತ್ತಾರೆ. ಆಗ ನಾಳಗಳ ಬಾಯಿ ತೆರೆದು ಹುದುಗಿದ ಪ್ರೋಟೀನುಗಳು ಹೊರಸೂಸತೊಡಗುತ್ತವೆ. ಖನಿಜ ಅತಿಯಾಗಿ ಕರಗಿದರೆ ಹಂದರದ ಗಟ್ಟಿತನವೇ ಹೋಗುತ್ತದೆ. ಕುದಿಸಿದರೆ ಪ್ರೋಟೀನುಗಳು ಕೆಡುತ್ತವೆ. ಆದ್ದರಿಂದ ಸೋಂಕು ನಿವಾರಣೆಗೆ ಪ್ರತಿಜೈವಿಕ ಬೆರೆಸಿದ ದ್ರಾವಣವನ್ನು ಬಳಸುತ್ತಾರೆ. ಕೊನೆಗೆ ಅದರ ಮೇಲೆ ಜೀವಂತ ಕೋಶಗಳನ್ನು ಬಿತ್ತುತ್ತಾರೆ. ಚೀನಾದ ಸಿಚುವಾನ್ ವಿಶ್ವವಿದ್ಯಾಲಯದ ಸಂಶೋಧಕರು ಹೀಗೆ ಸಿದ್ಧಪಡಿಸಿದ ಮಾನವ ಡೆಂಟಿನ್ ಹಂದರವನ್ನು ಕೋಶಗಳೊಂದಿಗೆ ಇಲಿಗಳ ದೇಹದಲ್ಲಿರಿಸಿ, ಹೊಸ ಡೆಂಟಿನ್ ಮೂಡಿದುದನ್ನು 2011ರಲ್ಲಿ ಪ್ರಕಟಿಸಿದರು.

ಹಾಗಾದರೆ ಹಲ್ಲು ಬೆಳೆಸಿದಂತಾಯಿತಲ್ಲವೇ ಎಂದು ಕೇಳಬಹುದು. ಇಲ್ಲ. ಡೆಂಟಿನ್ ಮೂಡುವುದು ಬೇರೆ. ಎನಾಮೆಲ್, ನರ, ರಕ್ತನಾಳಗಳೆಲ್ಲ ಕೂಡಿ, ದವಡೆಯಲ್ಲಿ ನಿಂತು, ಅನ್ನ ಅಗಿಯುವ ಹಲ್ಲು ಬೇರೆ. ಅಂತಹ ಹಲ್ಲು ಇನ್ನೂ ಚಿಕಿತ್ಸೆಯಾಗಿ ರೋಗಿಗಳಿಗೆ ದೊರೆಯುತ್ತಿಲ್ಲ.

ಹಾಲುಹಲ್ಲಿನ ಮಾತು. ಉದುರುವ ಹಾಲುಹಲ್ಲಿನ ತಿರುಳಿನಲ್ಲಿ ಆಕರಕೋಶಗಳಿರುವುದು 2003ರಲ್ಲಿ ವರದಿಯಾದುದು ನಿಜ. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರತಂದ ಮಾರ್ಗಸೂಚಿಯು ಹೊಕ್ಕುಳಬಳ್ಳಿಯ ರಕ್ತದ ಸಂಗ್ರಹಕ್ಕೆ ಮಾತ್ರ ಅವಕಾಶವಿತ್ತು, ಹಲ್ಲಿನ ತಿರುಳಿನಂತಹವುಗಳ ವಾಣಿಜ್ಯ ಸಂಗ್ರಹಕ್ಕೆ ಸಮ್ಮತಿಸಲಿಲ್ಲ. ಆದ್ದರಿಂದ ಆ ಅಜ್ಜಿಗೆ ನಾವು, "ಹಾಲುಹಲ್ಲನ್ನು ನಿಮ್ಮ ಪದ್ಧತಿಯಂತೆ ಹಂಚಿನ ಮೇಲೆಯೇ ಎಸೆಯಿರಿ; ದುಡ್ಡು ಹುಡುಗನ ಓದಿಗಾಗಲಿ" ಎಂದೆವು.

ಮುರಿದ ಹಲ್ಲಿನ ಗತಿ? ಮುಂಬಲ್ಲು ಹುಟ್ಟಿದ ಮೇಲೂ ಅದರ ಬೇರು ಪೂರ್ಣಗೊಳ್ಳಲು ಸುಮಾರು ಮೂರು ವರ್ಷ ಬೇಕು. ಅದಕ್ಕೆ ಮೊದಲೇ ತಿರುಳು ಸತ್ತರೆ ಬೇರು ತೆಳುವಾಗಿ, ತುದಿ ತೆರೆದೇ ಉಳಿಯುತ್ತದೆ. ಇಂತಹ ಹಲ್ಲುಗಳಿಗೆ ಈಗೊಂದು ಚಿಕಿತ್ಸೆಯಿದೆ. ಒಳಗಿನ ಸೋಂಕನ್ನು ನೀಗಿಸಿ, ಬೇರಿನ ತುದಿಯಾಚೆಯಿಂದ ತುಸು ರಕ್ತ ಜಿನುಗುವಂತೆ ಮಾಡಿ, ಹೆಪ್ಪುಗಟ್ಟಲು ಬಿಟ್ಟು ಮೇಲೆ ಮುಚ್ಚುತ್ತಾರೆ. ಆ ಹೆಪ್ಪೇ ಹಂದರವಾಗಿ ಕೋಶಗಳು ಬಂದು ನೆಲೆಸುತ್ತವೆ. ಅನೇಕರಲ್ಲಿ ಬೇರು ಉದ್ದವಾಗಿ ಗೋಡೆ ದಪ್ಪವಾಗುತ್ತದೆ. ಎಲ್ಲರಲ್ಲಿಯೂ ಫಲ ಒಂದೇ ಅಲ್ಲ. ಆದರೂ ಕೀಳುವ ಮುನ್ನ ಕೇಳಿ ನೋಡಬೇಕಾದ ದಾರಿಯಿದು. ಮಣಿಪಾಲದಲ್ಲಿ 1965ರಿಂದ ದಂತ ವೈದ್ಯಕೀಯ ಕಾಲೇಜಿದೆ. ತಜ್ಞರಿಗಾಗಿ ನಮ್ಮ ಜನ ದೂರ ಹೋಗಬೇಕಿಲ್ಲ. ಕಷಾಯ, ಗಂಡೂಷಗಳಿಂದ ವಾಸಿಯಾಗುವ ತೊಂದರೆ ಇದಲ್ಲವೆಂದು ತಿಳಿಸಿ, ಹುಡುಗನನ್ನು ಮರುದಿನವೇ ದಂತ ತಜ್ಞರಲ್ಲಿಗೆ ಕಳುಹಿಸಿದೆವು. ಹಲ್ಲು ಇಂದಿಗೂ ಅವನ ಬಾಯಲ್ಲಿದೆ. ಬೇರು ಬೆಳೆಯುತ್ತಿದೆಯೇ ಎಂದು ಆಗಾಗ ಕ್ಷಕಿರಣದಿಂದ ನೋಡುತ್ತಿದ್ದಾರೆ.

ಮನೆಯಲ್ಲಿ ಮಕ್ಕಳಿರುವವರು ಇಷ್ಟನ್ನು ನೆನಪಿಡಬೇಕು. ಪೆಟ್ಟಾದ ಹಲ್ಲನ್ನು ವಾರಗಟ್ಟಲೆ ಬಿಡಬಾರದು. ಶಾಶ್ವತ ಹಲ್ಲು ಇಡಿಯಾಗಿ ಕಳಚಿ ಬಿದ್ದರೆ, ಬೇರನ್ನು ಮುಟ್ಟದೆ, ಉಜ್ಜದೆ, ಹಾಲಿನಲ್ಲಿ ಹಾಕಿಕೊಂಡು ಅರ್ಧ ಗಂಟೆಯೊಳಗೆ ದಂತವೈದ್ಯರಲ್ಲಿಗೆ ಧಾವಿಸಬೇಕು. ಹಾಲುಹಲ್ಲಾದರೆ ಅದನ್ನು ಮರಳಿ ಕೂರಿಸುವ ಪ್ರಯತ್ನ ಬೇಡ.

ಹೊಸ ಹಲ್ಲು ಕಟ್ಟಹೊರಟ ವಿಜ್ಞಾನಿಯೂ ಹಂದರಕ್ಕಾಗಿ ಹಳೆಯ ಹಲ್ಲನ್ನೇ ಅರಸುತ್ತಿದ್ದಾನೆ. ಅಂತಹ ವಸ್ತು ನಮ್ಮ ಬಾಯಲ್ಲಿಯೇ ಇರುವಾಗ, ನಾಳೆ ಬಂದೀತೆಂಬ ಹಲ್ಲನ್ನು ನಂಬಿ ಇಂದಿರುವುದನ್ನು ಕಳೆದುಕೊಳ್ಳುವುದು ವಿವೇಕವಲ್ಲ.